ರೀಲು ಮುಗಿದ ಮೇಲೆ

ಫೋಟೋ ಎಡಗಡೆ ಒಂದು ನೂಲಿನಷ್ಟು ಮೇಲಿದೆ, ಏಣಿ ಹತ್ತಿದವನಿಗೆ ಅದು ಕಾಣುತ್ತಿಲ್ಲ, ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟು ಗುಳ್ಳೆ ಮಧ್ಯಕ್ಕೆ ಬಂತು ಸಾರ್ ಅನ್ನುತ್ತಾನೆ, ಗುಳ್ಳೆ ಬಂದರೆ ಆಯಿತೇನಯ್ಯಾ, ಜನ ಗುಳ್ಳೆ ನೋಡುವುದಕ್ಕೆ ಬರುತ್ತಾರೆಯೇ, ಅನ್ನಬೇಕೆಂದುಕೊಂಡೆ, ಆದರೆ ಈ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಹೋದ ಮಗಳ ಅಪ್ಪಣೆ ಹಾಗಿದೆ — ಅಪ್ಪಾ, ನೀನು ಮಧ್ಯೆ ಬಾಯಿ ಹಾಕ್ಬೇಡ, ಎಲ್ಲಾ ನಾನು ನೋಡ್ಕೋತೀನಿ — ನೋಡಿಕೋ ತಾಯಿ, ನೋಡುವುದೊಂದೇ ನನಗೂ ಬಂದದ್ದು. ಹೊಸ ಸುಣ್ಣದ ವಾಸನೆ ಇನ್ನೂ ಮೂಗು ಬಿಟ್ಟಿಲ್ಲ, ಗೋಡೆ ತುಂಬ ನಾನು ತೆಗೆದ ಮುಖಗಳು, ನೂರಾ ಹನ್ನೆರಡು, ಹಾಡುವವರು, ಬಾರಿಸುವವರು, ಕುಣಿಯುವವರು, ಸಿನಿಮಾದವರು, ಅರ್ಧ ಜನ ಈಗಿಲ್ಲ, ಇದ್ದವರಿಗೆಲ್ಲ ಸಂಜೆ ಐದಕ್ಕೆ ಪ್ರದರ್ಶನಕ್ಕೆ ಬನ್ನಿ ಅಂತ ಮಗಳು ಪತ್ರ ಕಳಿಸಿದ್ದಾಳೆ, ಆದರೆ ಎದುರು ಗೋಡೆಗೆ ಒಂದೇ ಒಂದು, ಆಳೆತ್ತರದ್ದು, ಅಕ್ಕ. ನನ್ನ ಒಡಹುಟ್ಟಿದವಳಲ್ಲ, ಹಾಡುವವಳು, ಹಾಡುತ್ತಿದ್ದವಳು ಅನ್ನಬೇಕು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಾಳೆ, ತುಟಿ ಅರ್ಧ ತೆರೆದಿದೆ, ಕಣ್ಣು ಕ್ಯಾಮೆರಾದ ಮೇಲೆ ಇಲ್ಲ, ಅದರಾಚೆ ನಿಂತ ನನ್ನ ಮೇಲಿದೆ. ಹನ್ನೊಂದಕ್ಕೆ ಬರುತ್ತಾಳಂತೆ, ಜನ ಸೇರೋಕೆ ಮುಂಚೆ ನೋಡ್ಕೊಂಡು ಹೋಗ್ತೀನಿ ಅಂದಳಂತೆ ಮಗಳಿಗೆ ಫೋನಿನಲ್ಲಿ, ಮೂವತ್ತೊಂದು ವರ್ಷ ಆಯಿತು ಅವಳು ನನ್ನ ಮುಖ ನೋಡಿ, ಇವತ್ತು ಕೈ ಹಿಡಿದೋ ಕಾಲು ಹಿಡಿದೋ ಕೇಳಿಬಿಡಬೇಕು, ತಪ್ಪಾಯಿತು ಅಕ್ಕ, ಸುಳ್ಳು ಹೇಳಿ ಈ ಫೋಟೋ ತೆಗೆದೆ, ನಿನ್ನನ್ನು ಒಂದು ಮಾತು ಕೇಳದೆ ಊರಿಗೆಲ್ಲ ಹಂಚಿದೆ, ಬೇಡ ಅಂದರೆ ಈಗಲೇ ಇಳಿಸುತ್ತೇನೆ — ಮಗಳು ಹಾರಾಡಲಿ, ಸಂಜೆ ಆ ಗೋಡೆ ಬೋಳಾಗಿರಲಿ, ಅವಳ ಬಾಯಿಂದ ಹೋಗ್ಲಿ ಬಿಡೋ ಅಂತ ಒಂದು ಮಾತು ಬಂದರೆ ಸಾಕು. ಹೋಗ್ಲಿ ಬಿಡಿ ಅಂದರೆ? ಲೋ ಅನ್ನುತ್ತಿದ್ದವಳು ನೀವು ಅಂದುಬಿಟ್ಟರೆ ಏನು ಮಾಡಲಿ, ಅದೊಂದೇ ಹೆದರಿಕೆ ಬೆಳಿಗ್ಗೆಯಿಂದ. ಗಂಟೆ ಹತ್ತೂಕಾಲು.

ಏಣಿಯವನು ಇಳಿದು ಹತ್ತಿರ ಬಂದು ಸಾರ್ ಇದನ್ನ ಹೇಗೆ ತೆಗೆದ್ರಿ ಅನ್ನುತ್ತಾನೆ, ಎಲ್ಲರೂ ಕೇಳುವ ಪ್ರಶ್ನೆ, ಎಲ್ಲರಿಗೂ ಹೇಳುವ ಉತ್ತರ, ಬೆಳಕು ಕೊಡ್ತು ಕಣಪ್ಪಾ, ನಾನು ತಗೊಂಡೆ — ಎಂಥ ದೊಡ್ಡ ಮಾತು, ಕಾಲಿನಿಂದ ತೆಗೆದೆ ಅಂತ ಹೇಳಿದರೆ ಅವನು ನಗುತ್ತಾನೆ. ನಿಜಕ್ಕೂ ಕಾಲಿನಿಂದಲೇ, ಪಾಸ್‌ಪೋರ್ಟ್ ಫೋಟೋ ಅಂಗಡಿಯ ಯಜಮಾನರು ಕಲಿಸಿದ್ದು, ಅಲ್ಲಿ ನಾನು ಏಳು ವರ್ಷ ಇದ್ದೆ, ಹಿಂದೆ ನೀಲಿ ಪರದೆ, ಮುಂದೆ ತಿರುಗುವ ಸ್ಟೂಲು, ಗೋಡೆಗೆ ಬಾಚಣಿಗೆ ಕಟ್ಟಿದ ಕನ್ನಡಿ, ಮಕ್ಕಳ ಫೋಟೋ ತೆಗೆಯುವಾಗ ಯಜಮಾನರು ಕ್ಯಾಮೆರಾ ಬಿಟ್ಟು ದೂರ ನಿಂತು ಗಿಲಕಿ ಆಡಿಸುತ್ತಿದ್ದರು, ಮಗು ಗಿಲಕಿ ನೋಡಿ ನಕ್ಕ ಕೂಡಲೇ ಕೈಯೊಳಗಿನ ರಬ್ಬರ್ ಚೆಂಡು ಅಮುಕುತ್ತಿದ್ದರು, ನಿಂಬೆಹಣ್ಣಿನಷ್ಟು ಗಾತ್ರ, ಅದರಿಂದ ಒಂದು ಸಣ್ಣ ಟ್ಯೂಬು ಕ್ಯಾಮೆರಾದವರೆಗೆ, ಗಾಳಿ ಹೋಗಿ ಗುಂಡಿ ಒತ್ತುತ್ತಿತ್ತು, ಟಕ್. ಮಗು ಮೋಸ ಹೋದದ್ದೇ ಚೆಂದ ಕಣಯ್ಯಾ ಅನ್ನುತ್ತಿದ್ದರು ಯಜಮಾನರು. ನಾನು ಅದನ್ನು ದೊಡ್ಡವರ ಮೇಲೆ ಪ್ರಯೋಗ ಮಾಡಿದೆ, ಅಷ್ಟೇ ನನ್ನ ಪ್ರತಿಭೆ, ಉಳಿದದ್ದೆಲ್ಲ ಪತ್ರಿಕೆಯವರು ಬರೆದದ್ದು. ಚೆಂಡನ್ನು ಚಾಪೆಯ ಕೆಳಗೆ ಇಟ್ಟೆ, ಎಡಗಾಲಿನ ಹಿಮ್ಮಡಿಗೆ ಸಿಗುವ ಹಾಗೆ, ದೊಡ್ಡ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಸುಮ್ಮನೆ ನಿಂತಿರುತ್ತಿತ್ತು, ಕೈಯಲ್ಲಿ ಇನ್ನೊಂದು, ಸಣ್ಣದು, ಅದರಿಂದ ಪಟಪಟ ಹೊಡೆದು, ರೀಲಿನ ಮೂವತ್ತಾರೂ ಆದ ಮೇಲೆ ಜೋರಾಗಿ ಸುತ್ತಿ, ಮುಗೀತು, ರೀಲು ಮುಗೀತು, ಆರಾಮಾಗಿ ಕೂತ್ಕೊಳ್ಳಿ ಅನ್ನುತ್ತಿದ್ದೆ. ಆಗ ಬರುತ್ತಿತ್ತು ಮುಖ. ಅಲ್ಲಿಯವರೆಗೆ ಇದ್ದದ್ದು ಮುಖ ಅಲ್ಲ, ಇಸ್ತ್ರಿ ಮಾಡಿದ ಬಟ್ಟೆ, ಮುಗೀತು ಅಂದ ತಕ್ಷಣ ಭುಜ ಇಳಿಯುತ್ತದೆ, ಹುಬ್ಬು ಇಳಿಯುತ್ತದೆ, ಮನುಷ್ಯ ಯಾರಿಗೂ ಹೇಳದ್ದನ್ನು ಹೇಳುವುದಕ್ಕೆ ಶುರು ಮಾಡುತ್ತಾನೆ, ನಾನು ಹೂಂ, ಹೂಂ ಅನ್ನುತ್ತಾ ಒಮ್ಮೆ ಕೆಮ್ಮುತ್ತೇನೆ, ಆ ಕೆಮ್ಮಿನ ಸದ್ದಿನಲ್ಲಿ ಹಿಮ್ಮಡಿ ಚೆಂಡನ್ನು ಒತ್ತುತ್ತದೆ, ಟಕ್ ಅನ್ನುವುದು ಯಾರಿಗೂ ಕೇಳಿಸುವುದಿಲ್ಲ. ಮೊದಮೊದಲು. ಆಮೇಲೆ ವಾದ್ಯದವರು ನನಗೆ ಮುಗೀತಪ್ಪ ಅಂತಲೇ ಹೆಸರಿಟ್ಟರು, ಮುಗೀತಪ್ಪನ ಹತ್ರ ಹೋಗಿದ್ಯಾ, ಮುಗೀತಪ್ಪ ನಿನ್ನ ಮುಗಿಸಿದ್ನಾ ಅಂತ ಹಾಸ್ಯ, ನಾನೂ ನಗುತ್ತಿದ್ದೆ.

ಅಕ್ಕ ಸಿಕ್ಕಿದ್ದು ಅದಕ್ಕೂ ಮುಂಚೆ, ಪಾಸ್‌ಪೋರ್ಟ್ ಅಂಗಡಿಯ ಕಾಲದಲ್ಲಿ, ದೊಡ್ಡ ಹೋಟೆಲಿನ ಕೆಳಗಿನ ಹಾಲಿನಲ್ಲಿ ಮಧ್ಯಾಹ್ನ ಹಾಡುತ್ತಿದ್ದಳು, ಊಟಕ್ಕೆ ಬಂದವರ ಚಮಚದ ಸದ್ದಿನ ನಡುವೆ, ನಾನು ಅಲ್ಲಿ ಬಂದವರ ಫೋಟೋ ತೆಗೆದು ಮೇಜಿಗೆ ತಲುಪಿಸುವವನು, ಇಬ್ಬರಿಗೂ ಒಂದೇ ಹಿಂಬಾಗಿಲು, ಒಂದೇ ಕಲ್ಲಿನ ಮೆಟ್ಟಿಲು, ಮೂರು ವರ್ಷಕ್ಕೆ ದೊಡ್ಡವಳು, ಕಂಡ ದಿನವೇ ಊಟ ಆಯ್ತೇನೋ ಅಂದಳು, ಇಲ್ಲ ಅಂದರೆ ತನ್ನ ಡಬ್ಬಿ ಮುಂದಕ್ಕೆ ತಳ್ಳಿದಳು, ಆವತ್ತಿನಿಂದ ಅಕ್ಕ. ಅವಳ ಮೊದಲ ಕ್ಯಾಸೆಟ್ಟಿನ ಹೊದಿಕೆಗೆ ಫೋಟೋ ಬೇಕಾದಾಗ ಕಂಪನಿಯವರು ಹೆಸರಾಂತ ಫೋಟೋಗ್ರಾಫರನ್ನು ಕರೆಸಿದ್ದರು, ನಮ್ಮ ಹುಡುಗ ತೆಗೆದ್ರೆ ಮಾತ್ರ ಕೂರ್ತೀನಿ ಅಂತ ಹಟ ಹಿಡಿದಳು, ಅದರಿಂದ ನನ್ನ ಹೊಟ್ಟೆ ತುಂಬಿತು, ತಲೆಯೂ ತುಂಬಿತು. ಮುಂದೆ ಹದಿನೈದು ವರ್ಷ ಕ್ಯಾಸೆಟ್ಟಿನ ಅಂಗಡಿಗೆ ಹೋದರೆ ಎಲ್ಲ ಕಡೆ ನನ್ನದೇ ಮುಖಗಳು, ಬಲಗೆನ್ನೆ ತೋರಿಸುವುದೇ ಇಲ್ಲ ಅನ್ನುವ ಸಿನಿಮಾ ನಾಯಕ, ಟೋಪನ್ ಜಾರಿ ಬೋಳುತಲೆ ಕಂಡದ್ದು ತಿಳಿಯದೆ ಎರಡು ಗಂಟೆ ಕೂತ ಇನ್ನೊಬ್ಬ, ಗಂಡ ಹೆಂಡತಿ ಇಬ್ಬರೂ ಪಿಟೀಲು, ಫೋಟೋಗೆ ಅಂತ ನಗುತ್ತಾ ಹಲ್ಲಿನ ಸಂದಿಯಿಂದಲೇ ಜಗಳ ಆಡಿದವರು, ಡ್ರಮ್ಮಿನವನೊಬ್ಬ ಮುಗೀತು ಅಂದ ಕೂಡಲೇ ನಿದ್ದೆ ಹೋದ, ಅದೂ ಅಲ್ಲಿದೆ, ಬಲಗೋಡೆಯ ಮೂರನೆಯದು. ಎಲ್ಲರೂ ಏನೇನೋ ಹೇಳಿಕೊಂಡರು ನನ್ನ ಮುಂದೆ, ಸತ್ತ ಮಗು, ಬಿಟ್ಟು ಹೋದವಳು, ಕುಡಿತ, ನಿಮ್ಮ ಹತ್ರ ಮಾತಾಡಿದ್ರೆ ಹಗುರ ಆಗುತ್ತೆ ಸಾರ್ ಅನ್ನುತ್ತಿದ್ದರು, ನನಗೆ ಒಬ್ಬರ ಮಾತೂ ನೆನಪಿಲ್ಲ. ಸತ್ಯ ಅದು. ನನ್ನ ಹೂಂ ಬಾಯಿಂದ ಬರುತ್ತಿತ್ತು, ಕಿವಿಗೂ ಅದಕ್ಕೂ ಸಂಬಂಧ ಇರಲಿಲ್ಲ, ಕಿವಿ ಮುಚ್ಚಿದರೆ ಕಣ್ಣು ಚುರುಕಾಗುತ್ತದೆ ಅಂತ ನಾನೇ ಒಮ್ಮೆ ಪತ್ರಿಕೆಯವನಿಗೆ ಹೇಳಿ ಮೆರೆದಿದ್ದೇನೆ. ಹಾಡು? ಹಾಡುವವರ ಮಧ್ಯೆ ಜೀವ ಸವೆಸಿದವನಿಗೆ ಒಂದು ಹಾಡು ಪೂರ್ತಿ ಬರುವುದಿಲ್ಲ, ಅಕ್ಕನದು ಕೂಡ, ಅವಳು ಹಾಡುವಾಗ ನಾನು ಗಂಟಲಿನ ನರ ನೋಡುತ್ತಿದ್ದೆ, ನರದ ಪಕ್ಕದ ನೆರಳು ನೋಡುತ್ತಿದ್ದೆ. ನಾಚಿಕೆ ಆಗುತ್ತದೆ, ಆಗಲಿ.

ಹತ್ತೂ ಮುಕ್ಕಾಲು, ಮಗಳು ನೀರಿನ ಬಾಟಲಿ ತಂದು ಪಕ್ಕ ಇಟ್ಟು ಯಾಕಪ್ಪಾ ಮುಖ ಒಂಥರಾ ಇದೆ ಅನ್ನುತ್ತಾಳೆ, ಏನಿಲ್ಲ ಪುಟ್ಟಿ ಅನ್ನುತ್ತೇನೆ, ಏನಿಲ್ಲ. ಈ ಫೋಟೋ ತೆಗೆದ ಆ ಮಧ್ಯಾಹ್ನವೂ ಹೀಗೇ ಏನೂ ಇರಲಿಲ್ಲ, ಹೊಸ ಕ್ಯಾಸೆಟ್ಟಿಗೆ ಫೋಟೋ, ಅಕ್ಕ ಒಬ್ಬಳೇ ಬಂದಳು, ಯಾವಾಗಲೂ ಜೊತೆಗಿರುವ ಅವಳ ಅಣ್ಣ ಬಂದಿರಲಿಲ್ಲ, ಅವಳ ಕಾರ್ಯಕ್ರಮ, ಅವಳ ಮಾತು, ಅವಳ ನಿದ್ದೆ ಎಲ್ಲದಕ್ಕೂ ಲಗಾಮು ಹಿಡಿದವನು ಅವನು, ಎಲ್ಲಿ ಅಣ್ಣ ಅಂದದ್ದಕ್ಕೆ ಅವನಿಗೆ ಹೇಳ್ದೆ ಬಂದೆ ಕಣೋ ಅಂದಳು, ಅದನ್ನು ಕೇಳಿಸಿಕೊಂಡೆ ನೋಡು, ಆದರೆ ಅದು ರೀಲು ಮುಗಿಯುವ ಮುಂಚೆ. ಮೂವತ್ತಾರು ತೆಗೆದೆ, ಮೂವತ್ತಾರೂ ಸಪ್ಪೆ, ನಗು ತುಟಿಯಲ್ಲೇ ನಿಂತಿತ್ತು. ನಾಲ್ಕು ಗಂಟೆಯ ಬಿಸಿಲು ಪಕ್ಕದ ಕಟ್ಟಡ ದಾಟಿ ಕಿಟಕಿಗೆ ಬಂತು, ಮೊದಲು ಸ್ಟೂಲಿನ ಕಾಲು, ಆಮೇಲೆ ಅವಳ ಮೊಣಕೈ, ಅಲ್ಲಿಂದ ಕೊರಳ ಎಲುಬು, ಇನ್ನು ಎರಡು ನಿಮಿಷಕ್ಕೆ ತುಟಿಗೆ ಬರುತ್ತದೆ ಅಂತ ನನಗೆ ಗೊತ್ತು, ಎರಡು ನಿಮಿಷ ಅವಳು ಅಲ್ಲಾಡಬಾರದು, ಅದಕ್ಕೇ ಸಣ್ಣ ಕ್ಯಾಮೆರಾ ಸುತ್ತಿ ಮುಗೀತಕ್ಕಾ, ರೀಲು ಮುಗೀತು, ಸುಧಾರಿಸ್ಕೋ ಅಂದೆ. ಅವಳ ಭುಜ ಇಳಿಯಿತು. ಮಾತಾಡತೊಡಗಿದಳು. ನಾನು ಹೂಂ ಅಂದೆ, ಬಿಸಿಲು ಗಲ್ಲಕ್ಕೆ ಬಂತು, ಮತ್ತೇನೋ ಹೇಳಿದಳು, ಹೂಂ ಅಂದೆ, ಕೆಳತುಟಿಗೆ ಬಂತು, ಅವಳು ತಲೆಯೆತ್ತಿ ನೇರ ನನ್ನನ್ನು ನೋಡಿ ಏನೋ ಕೇಳಿದ ಹಾಗೆ ತುಟಿ ತೆರೆದಳು, ಹೂಂ ಅಂದು ಕೆಮ್ಮಿ ಒತ್ತಿದೆ. ಒಂದೇ ಒಂದು. ಅದು ಆಯಿತು ಅಂತ ಹಿಮ್ಮಡಿಗೇ ಗೊತ್ತಾಗಿ ಮೈ ಜುಂ ಅಂದಿತು. ಅಕ್ಕ ಎದ್ದು ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಯಾಕೆ ಅಂತ ಯೋಚಿಸಲಿಲ್ಲ, ಬಾಗಿಲಲ್ಲಿ ತಿರುಗಿ ನಿಂತು, ಆ ಕೆಮ್ಮಿಗೆ ಏನಾದ್ರೂ ತಗೋ, ಗಂಟಲು ಜೋಪಾನ ಕಣೋ ಅಂದಳು. ಮಾರನೆಯ ದಿನ ಅದರ ಪ್ರತಿ ತೆಗೆದೆ, ಹದಿನೈದು ದಿನಕ್ಕೆ ವಾರಪತ್ರಿಕೆಯ ಮುಖಪುಟಕ್ಕೆ ಕೊಟ್ಟೆ, ಕ್ಯಾಸೆಟ್ಟಿಗೆ ಸಪ್ಪೆಯವನ್ನು ಕೊಟ್ಟು ಇದನ್ನು ನನಗೇ ಇಟ್ಟುಕೊಂಡಿದ್ದೆ, ನನ್ನ ಹೆಸರಿಗಾಗಿ, ಬೇರೆ ಯಾವ ಕಾರಣವೂ ಇಲ್ಲ. ವಿಮರ್ಶಕರೊಬ್ಬರು ಹಾಡು ಹುಟ್ಟುವ ಮುನ್ನಿನ ಮೌನ ಅಂತ ಬರೆದರು, ನಾನು ತಲೆದೂಗಿದೆ. ಜನ ಬೇರೆಯದನ್ನೇ ಕಂಡರು, ಯಾಕೆ ಇವಳ ಕಣ್ಣು ಹೀಗಿದೆ, ಮೈಗೆ ಹುಷಾರಿಲ್ಲವಂತೆ, ಗಂಟಲು ಕೆಟ್ಟಿದೆಯಂತೆ, ಅಂತೆ ಅಂತೆ ಅಂತ ಶುರುವಾಗಿ ಕಾರ್ಯಕ್ರಮಗಳು ಕೈಬಿಟ್ಟವು, ಆರು ತಿಂಗಳಿಗೆ ಅವಳು ನಿಜಕ್ಕೂ ಹಾಡುವುದು ನಿಲ್ಲಿಸಿದಳು, ವೇದಿಕೆಯ ಮೇಲೆ ಮೇಲಿನ ಸ್ವರಕ್ಕೆ ಹೋಗಿ ಬರೀ ಗಾಳಿ ಬಂತಂತೆ. ಫೋನು ಮಾಡಿದೆ, ಅಣ್ಣ ಎತ್ತಿ ಅವಳು ಯಾರ ಹತ್ರಾನೂ ಮಾತಾಡಲ್ಲ ಅಂದು ಇಟ್ಟ, ನನಗೆ ಆಗ ಆದದ್ದು ಸಮಾಧಾನ, ದುಃಖ ಅಲ್ಲ, ಪ್ರಯತ್ನ ಮಾಡಿದೆನಲ್ಲ ಅನ್ನುವ ಸಮಾಧಾನ. ದುಃಖ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ, ನನ್ನ ಫೋಟೋನೇ ಅವಳನ್ನು ತಿಂದು ಹಾಕಿತು ಅಂತ ಮೂವತ್ತೊಂದು ವರ್ಷ ಎದೆ ಬಡಿದುಕೊಂಡಿದ್ದೇನೆ, ಚೆಂಡನ್ನು ಕಿತ್ತು ಬಿಸಾಡಿದೆ, ಆಮೇಲೆ ತೆಗೆದದ್ದೆಲ್ಲ ಕೇಳಿಯೇ ತೆಗೆದದ್ದು, ಒಂದೂ ಈ ಗೋಡೆಗೆ ಏರಿಲ್ಲ.

ಬಂದಳು. ಬಾಗಿಲ ಗಾಜಿನಾಚೆ ಮಗಳ ತೋಳು ಹಿಡಿದು ಬರುತ್ತಿರುವುದು ಅವಳೇ, ಕುಗ್ಗಿದ್ದಾಳೆ, ಕೂದಲೆಲ್ಲ ಬೆಳ್ಳಗೆ, ನಡಿಗೆ ಮಾತ್ರ ಅದೇ, ಬಲಭುಜ ಮುಂದೆ, ಬೆಂಚಿನ ಅಂಚು ಹಿಡಿದು ನಾನು ಏಳುತ್ತಿದ್ದೇನೆ. ಕೂತ್ಕೋ ಕೂತ್ಕೋ, ನಿಂಗೂ ವಯಸ್ಸಾಯ್ತೇನೋ ಅಂದಳು. ಏಕವಚನ. ಧ್ವನಿ ಎಲ್ಲಿ ಹೋಯಿತು ಅವಳದು, ಉಜ್ಜಿದ ಹಾಗೆ, ಉಸಿರು ಜಾಸ್ತಿ, ಸದ್ದು ಕಡಿಮೆ, ಆದರೂ ನಿಂಗೂ ಅಂದಳಲ್ಲ, ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಮಗಳು ಅದನ್ನು ನೋಡಿ ಒಳಗೆ ಕೆಲಸ ಇದೆ ಅಂತ ಸರಿದುಹೋದಳು, ಜಾಣೆ. ಅಕ್ಕ ಆಳೆತ್ತರದ ತನ್ನ ಮುಂದೆ ಹೋಗಿ ನಿಂತು, ಇಷ್ಟು ಚೆನ್ನಾಗಿದ್ನಾ ನಾನು ಅಂದಳು. ನಾನು ಶುರು ಮಾಡಿದೆ, ಬಾಯಿಪಾಠ ಆಗಿತ್ತಲ್ಲ, ಅಕ್ಕ ತಪ್ಪಾಯ್ತು, ರೀಲು ಮುಗೀತು ಅಂತ ಸುಳ್ಳು ಹೇಳ್ದೆ, ಕಾಲಲ್ಲಿ ಒತ್ತಿ ತೆಗೆದೆ, ನಿನ್ನ ಕೇಳದೆ ಅಚ್ಚು ಹಾಕಿಸ್ದೆ, ಬೇಡ ಅಂದ್ರೆ ಈಗ್ಲೇ ಇಳಿಸ್ತೀನಿ — ಅವಳು ನಕ್ಕಳು, ಕೆಮ್ಮಿದ ಹಾಗೆ ನಗು. ಲೋ, ನಿನ್ನ ಕಾಲಾಟ ಊರಿಗೆಲ್ಲ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ವಾ, ತೆಗಿ ಅಂತಾನೇ ಕೂತಿದ್ದೆ, ಫೋಟೋ ಇರ್ಲಿ ಬಿಡು, ಅದರಿಂದ ನಂಗೇನಾಯ್ತು, ನಾನು ಅದಕ್ಕೆ ಬರ್ಲಿಲ್ಲ. ಮತ್ತೆ? ಬೆಂಚಿನ ಮೇಲೆ ನನ್ನ ಪಕ್ಕ ಕೂತಳು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದೋ ಅಲ್ಲಿ ಬಾಯಿ ತೆರೆದಿದ್ದೀನಲ್ಲ, ಆಗ ನಿನ್ನ ಏನು ಕೇಳ್ದೆ, ಜ್ಞಾಪಕ ಇದ್ಯಾ ಅಂದಳು. ಇಲ್ಲ ಅಂದೆ. ಸುಳ್ಳು ಹೇಳಬಹುದಿತ್ತೇನೋ, ಏನಂತ ಹೇಳುವುದು. ಗಂಟಲಲ್ಲಿ ಗಂಟಾಗಿದೆ ಅಂದೆ ಆವತ್ತು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್ನು, ಅಣ್ಣಂಗೆ ಹೇಳಿಲ್ಲ, ಹೇಳಿದ್ರೆ ಟೂರ್ ಮುಗಿಸ್ಕೊಂಡು ಮಾಡಿಸ್ಕೋ ಅಂತಾನೆ, ಜೊತೇಲಿ ಒಬ್ರು ಇರ್ಬೇಕಂತೆ, ನೀನು ಬರ್ತೀಯಾ ಅಂದೆ, ಅಂದಳು ಅಕ್ಕ, ನೀನು ಹೂಂ ಅಂದೆ.

ನಾನು ಹೂಂ ಅಂದೆ. ಅಕ್ಕ ಹೇಳುತ್ತಿದ್ದಳು, ನನ್ನ ಮುಖ ನೋಡಿ ಹೇಳಲಿಲ್ಲ, ಎದುರಿನ ತನ್ನ ಮುಖವನ್ನೇ ನೋಡುತ್ತಾ, ದೂರಲಿಲ್ಲ, ಬೈಯಲಿಲ್ಲ, ಆಸ್ಪತ್ರೆ ಬಾಗ್ಲಲ್ಲಿ ಕಲ್ಲು ಬೆಂಚಿತ್ತು, ಒಂಬತ್ತರಿಂದ ಒಂದು ಗಂಟೆ ತನಕ ಕೂತಿದ್ದೆ ಕಣೋ, ಮೂರು ಸಲ ನಿನ್ನ ಸ್ಟುಡಿಯೋಗೆ ಫೋನು ಮಾಡಿಸ್ದೆ, ಬರೀ ಎಂಗೇಜು, ಜೊತೆಗೆ ಯಾರೂ ಇಲ್ದೆ ಮಲಗ್ಸಲ್ಲ ಅಂದ್ರು ಅವ್ರು, ವಾಪಸ್ ಹೋದೆ, ಮತ್ತೆ ಅಣ್ಣನ ಕಣ್ಣು ತಪ್ಪಿಸೋಕೆ ಆಗ್ಲಿಲ್ಲ, ಟೂರ್‌ಗೆ ಹೋದೆ, ಹಾಡ್ದೆ, ಗಂಟಲು ಅಲ್ಲಿಗಾಯ್ತು. ಫೋನು ಎಂಗೇಜು ಯಾಕೆಂದು ನನಗೆ ಗೊತ್ತು, ಕತ್ತಲೆಕೋಣೆಯಲ್ಲಿ ಕೆಲಸ ಮಾಡುವಾಗ ರಿಸೀವರ್ ತೆಗೆದು ಪಕ್ಕಕ್ಕೆ ಇಡುತ್ತಿದ್ದೆ, ಒಂಬತ್ತಕ್ಕೆ ಅಗುಳಿ ಹಾಕಿಕೊಂಡು ಕೆಂಪು ದೀಪದ ಕೆಳಗೆ ತಟ್ಟೆಯ ನೀರನ್ನು ಅಲ್ಲಾಡಿಸುತ್ತಾ ಕಾಗದದ ಮೇಲೆ ಅವಳ ತುಟಿ ಮೂಡುವುದನ್ನು ಕಾಯುತ್ತಿದ್ದೆ, ಹನ್ನೆರಡು ಪ್ರತಿ ತೆಗೆದೆ, ಒಂದಕ್ಕಿಂತ ಒಂದು ಚೆನ್ನಾಗಿ ಬಂತು, ಖುಷಿಯಾಗಿದ್ದೆ, ಶಿಳ್ಳೆ ಹಾಕಿರಬೇಕು. ಅಕ್ಕ ನಂಗೆ ಕೇಳಿಸ್ಲಿಲ್ಲ ಕಣೇ, ದೇವರಾಣೆ ನಂಗೆ ಕೇಳಿಸ್ಲಿಲ್ಲ ಅಂದೆ. ಅವಳು ಆಗ ತಿರುಗಿದಳು, ಬಹಳ ವರ್ಷದ ಲೆಕ್ಕ ತಪ್ಪಿದವರ ಹಾಗೆ ನನ್ನನ್ನೇ ನೋಡಿದಳು, ಕೇಳಿಸ್ಲಿಲ್ವಾ, ನೀನು ಅಣ್ಣಂಗೆ ಹೆದರಿದೆ ಅಂತ ನಾನು ಅಂದ್ಕೊಂಡಿದ್ದೆ, ಇಲ್ಲ ಯಾವುದೋ ದೊಡ್ಡ ಕೆಲ್ಸ ಬಂತು ಅಂದ್ಕೊಂಡಿದ್ದೆ, ಏನೇನೋ ಸಮಾಧಾನ ಹೇಳ್ಕೊಂಡಿದ್ದೆ ನಿನ್ನ ಪರವಾಗಿ, ಅಷ್ಟೇನಾ — ಅಷ್ಟೇನಾ ಅಂದಳು, ಬರಲ್ಲ ಅಂದಿದ್ರೆ ಬೇರೆ ಯಾರನ್ನಾದ್ರೂ ಕೇಳ್ತಿದ್ದೆನಲ್ಲೋ. ಎದ್ದಳು. ನನ್ನ ತಲೆ ಸವರಿದಳು, ಊಟ ಮಾಡು ಹೊತ್ತಿಗೆ ಸರಿಯಾಗಿ ಅಂದಳು, ಬಲಭುಜ ಮುಂದೆ ಮಾಡಿಕೊಂಡು ಹೋದಳು. ಸಿಟ್ಟು ಮಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

ಏನಂದ್ರಪ್ಪಾ, ಫೋಟೋ ಇರ್ಲಿ ಅಂದ್ರಾ ಅಂತ ಮಗಳು ಓಡಿಬಂದಳು, ಇರ್ಲಿ ಅಂದ್ರು ಅಂದೆ, ಸದ್ಯ ಅಂತ ಎದೆ ಮೇಲೆ ಕೈಯಿಟ್ಟುಕೊಂಡಳು, ಏಣಿಯವನು ಕೆಳಗೆ ಅಂಟಿಸುವ ಚೀಟಿ ಹಿಡಿದುಕೊಂಡು ನಿಂತಿದ್ದಾನೆ, ಹಾಡು ಹುಟ್ಟುವ ಮುನ್ನ ಅಂತ ಅಚ್ಚಾಗಿದೆ, ಇದೇ ಹಾಕ್ಲಾ ಸಾರ್ ಅನ್ನುತ್ತಾನೆ, ಇನ್ನೂ ನೂರು ಜನ ಸಂಜೆ ಇದರ ಮುಂದೆ ನಿಂತು ಆಹಾ ಅನ್ನುತ್ತಾರೆ, ನನ್ನನ್ನು ಮಾತಾಡಿ ಅನ್ನುತ್ತಾರೆ, ಕಲಾವಿದರ ಮೌನವನ್ನು ಆಲಿಸಿದವರು ಅಂತ ನಿರೂಪಕಿ ಓದುವ ಕಾಗದ ಬೆಳಿಗ್ಗೆಯೇ ನೋಡಿದ್ದೇನೆ, ನಾನೇ ತಿದ್ದಿ ಕೊಟ್ಟಿದ್ದೇನೆ. ತಪ್ಪು ಅಂತ ಹಿಡಿದುಕೊಂಡು ಕೂತದ್ದೇ ಬೇರೆ, ಮಾಡಿದ ತಪ್ಪೇ ಬೇರೆ, ಇಷ್ಟು ವರ್ಷ ಪಟ್ಟ ಪಶ್ಚಾತ್ತಾಪವೂ ವ್ಯರ್ಥ, ಈಗ ಹೊಸದಾಗಿ ಶುರು ಮಾಡಬೇಕು, ಅಷ್ಟು ಆಯುಸ್ಸು ಉಳಿದಿದೆಯೇ. ಸಾರ್, ಹಾಕ್ಲಾ ಅನ್ನುತ್ತಾನೆ, ನಾನು ಬಾಯಿ ತೆರೆಯುತ್ತೇನೆ, ಹೂಂ ಅನ್ನಲಾರೆ, ಉಹೂಂ ಅನ್ನಲಾರೆ, ಎದುರಿನ ಫೋಟೋ ನನಗೆ ಕಾಣುತ್ತಿಲ್ಲ, ಅದರ ಜಾಗದಲ್ಲಿ ನಾನು ತೆಗೆಯದ ಒಂದು ನಿಂತಿದೆ, ಬೆಳಗಿನ ಬಿಸಿಲು, ಆಸ್ಪತ್ರೆಯ ಬಾಗಿಲು, ಕಲ್ಲಿನ ಬೆಂಚು, ಅಕ್ಕ, ತೊಡೆಯ ಮೇಲೆ ಚೀಲ, ಚೀಲದಲ್ಲಿ ಒಂದು ಟವೆಲ್ಲು, ಬದಲಿ ಬಟ್ಟೆ, ಗಾಡಿಯೊಂದು ಬಂದು ನಿಲ್ಲುತ್ತದೆ, ಅಕ್ಕ ಅರ್ಧ ಏಳುತ್ತಾಳೆ, ಗಾಡಿಯ ಬಾಗಿಲು ತೆರೆಯುತ್ತದೆ, ಬೇರೆ ಯಾರೋ, ಕೂರುತ್ತಾಳೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಲು ಹೋಗುತ್ತೇನೆ, ಛೀ, ನನ್ನ ಜನ್ಮಕ್ಕೆ — ಇನ್ನೊಂದು ಗಾಡಿ, ಅರ್ಧ ಏಳುತ್ತಾಳೆ, ಬೇರೆ ಯಾರೋ, ಕೂರುತ್ತಾಳೆ, ಬರ್ತಾನೆ, ಹೂಂ ಅಂದಿದ್ದಾನಲ್ಲ, ಇನ್ನೊಂದು ಗಾಡಿ, ಚೀಲ ಹಿಡಿದು ಅರ್ಧ ಏಳುತ್ತಾಳೆ